ಮುಟ್ಟಿನ ದಿನಾಂಕ ಕೇಳುವವರೇ ಇಲ್ಲವೇ?

ಮಾನ್ಯರೇ,

ಭಾನುವಾರ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ನಡೆದ ಮಹಿಳಾ ಆರೋಗ್ಯ ಶಿಬಿರ ಯಶಸ್ವಿಯಾಯಿತು ಎಂದು ನಿಮ್ಮ ಪತ್ರಿಕೆಯಲ್ಲಿ ಬಂದಿದೆ. ಯಾರಿಗೆ ಯಶಸ್ವಿ? ನಾನು, ನನ್ನ ಮಗಳು ಬೆಳಿಗ್ಗೆ ಎಂಟೂವರೆಗೇ ಹೋಗಿ ಸಾಲಿನಲ್ಲಿ ನಿಂತೆವು. ಕುಡಿಯಲು ನೀರಿಲ್ಲ. ಕುರ್ಚಿಗಳೆಲ್ಲ ವೇದಿಕೆಯ ಮೇಲೆ. ಭಾಷಣ ಮುಗಿದು ನಮ್ಮ ಸರದಿ ಬಂದಾಗ ಒಂದೂವರೆ. ಮಗಳಿಗೆ ಎದೆಯಲ್ಲಿ ಎಂಡೊಮೆಟ್ರಿಯೋಸಿಸ್ ಇದೆ ಎಂದೆ. ಡಾಕ್ಟರ್ ತಲೆಯನ್ನೇ ಎತ್ತಲಿಲ್ಲ. 'ಅದು ಗರ್ಭಕೋಶದ ಕಾಯಿಲೆ ಕಣಮ್ಮಾ, ಎದೆಗೆ ಹೇಗೆ ಬರುತ್ತೆ? ಕೆಮ್ಮಿದ್ದರೆ ಎದೆ ಡಾಕ್ಟರ್ ಹತ್ರ ಹೋಗಿ' ಎಂದರು. ಎದೆ ಡಾಕ್ಟರ್ ಈ ಮೊದಲೇ ನಮ್ಮನ್ನು ಹೆಂಗಸರ ಡಾಕ್ಟರ್ ಹತ್ತಿರ ಕಳಿಸಿದ್ದರು!

ಹೀಗೆ ಅಲೆದು ಎರಡು ವರ್ಷ ಆಯಿತು. ಪ್ರತಿ ತಿಂಗಳು ಮುಟ್ಟಾದ ಮರುದಿನ ಅವಳ ಕೆಮ್ಮಿನಲ್ಲಿ ರಕ್ತ. ನಾಲ್ಕು ದಿನಕ್ಕೆ ತಾನಾಗಿಯೇ ನಿಲ್ಲುತ್ತಿತ್ತು. ಕಫದ ಪರೀಕ್ಷೆಯಲ್ಲಿ ಎರಡು ಸಲವೂ ಏನೂ ಸಿಗಲಿಲ್ಲ. ಆದರೂ ಆರು ತಿಂಗಳು ಟಿಬಿ ಮಾತ್ರೆ ನುಂಗಿಸಿದರು. ನೆಂಟರ ಮನೆಯಲ್ಲಿ ಅವಳ ಲೋಟ ಬೇರೆ ಇಟ್ಟರು. ಬಂದ ಸಂಬಂಧವೊಂದು ತಪ್ಪಿಹೋಯಿತು. ಕೊನೆಗೆ ಬೆಂಗಳೂರಿನ ಡಾಕ್ಟರಮ್ಮ ಒಬ್ಬರು, 'ಮುಟ್ಟಿನ ದಿನಾಂಕ ಹೇಳಮ್ಮ, ರಕ್ತ ಬಂದ ದಿನಾಂಕವನ್ನೂ ಹೇಳು' ಎಂದರು. ಎರಡೂ ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲೇ ಇದ್ದವು. ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ, ಅಷ್ಟೆ. ಮುಟ್ಟಿನ ದಿನಗಳಲ್ಲೇ ಸಿಟಿ ಸ್ಕ್ಯಾನ್ ಮಾಡಿಸಿದಾಗ ಶ್ವಾಸಕೋಶದಲ್ಲಿ ಮಚ್ಚೆ ಕಂಡಿತು. ಮುಟ್ಟು ಮುಗಿದ ಮೇಲೆ ಮಾಡಿಸಿದ್ದ ಹಳೇ ಸ್ಕ್ಯಾನಿನಲ್ಲಿ ಅದು ಕಂಡಿರಲಿಲ್ಲ. ಇದು ಎಂಡೊಮೆಟ್ರಿಯೋಸಿಸ್ ಎಂದು ಆ ಡಾಕ್ಟರಮ್ಮನೇ ಹೇಳಿದ್ದು.

ಗರ್ಭಕೋಶದ ಒಳಪದರದಂಥದ್ದು ಬೇರೆ ಕಡೆ ಬೆಳೆಯುವುದೇ ಈ ಕಾಯಿಲೆ. ಕಿಬ್ಬೊಟ್ಟೆಯಲ್ಲಿ ಜಾಸ್ತಿ. ಆದರೆ ಕರುಳು, ಮೂತ್ರಕೋಶ, ಹೊಕ್ಕುಳು, ಸಿಸೇರಿಯನ್ ಗಾಯದ ಜಾಗದಲ್ಲೂ ಬರುತ್ತದೆ. ಕೆಲವರಿಗೆ ಮುಟ್ಟಾದ ಮೂರು ದಿನದೊಳಗೆ ಶ್ವಾಸಕೋಶದ ಸುತ್ತ ಗಾಳಿ ತುಂಬಿ ಉಸಿರು ಕಟ್ಟುತ್ತದೆ, ಹೆಚ್ಚಾಗಿ ಬಲಗಡೆ. 1958ರಲ್ಲೇ ವೈದ್ಯರು ಇದನ್ನು ಬರೆದಿಟ್ಟಿದ್ದಾರೆ. ಎದೆಗೆ ಬರುವುದು ಅಪರೂಪ, ಒಪ್ಪುತ್ತೇನೆ. ಆದರೆ ಮುಟ್ಟಾಗುವ ವಯಸ್ಸಿನ ನೂರರಲ್ಲಿ ಸುಮಾರು 10 ಮಂದಿಗೆ ಎಂಡೊಮೆಟ್ರಿಯೋಸಿಸ್ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಹೊಲಿಗೆ ಕೆಲಸ ಮಾಡುವ ನನಗೇ ಇಷ್ಟು ಗೊತ್ತಿದೆ. ಶಿಬಿರಕ್ಕೆ ಬಂದವರಿಗೆ ಗೊತ್ತಿರಬೇಡವೇ?

ಇನ್ನು ಅಧಿಕಾರಿಗಳು. ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರ್ ಹುದ್ದೆ ಖಾಲಿ ಬಿದ್ದು ಎಷ್ಟು ಕಾಲವಾಯಿತು? ದೊಡ್ಡ ಆಸ್ಪತ್ರೆಗೆ ಕಳಿಸುವ ರೆಫರಲ್ ಚೀಟಿಗೆ ನಾಲ್ಕು ಸಲ ಹೋದೆ, ನಾಲ್ಕು ದಿನದ ಕೂಲಿ ಹೋಯಿತು. ಹೋದಾಗೆಲ್ಲ ಸಾಹೇಬರು ಮೀಟಿಂಗಿನಲ್ಲಿ. ಹೋದ ವರ್ಷ ಡೆಂಗಿ ಬಂದಾಗ ಫಾಗಿಂಗ್ ಮಾಡಿಸಿ ಎಂದು ಬೀದಿಯವರೆಲ್ಲ ಸಹಿ ಹಾಕಿ ಕೊಟ್ಟಿದ್ದೆವು. ಬಂದದ್ದು ಮಳೆಗಾಲ ಮುಗಿದ ಮೇಲೆ. ಚರಂಡಿ ಇವತ್ತಿಗೂ ಹಾಗೇ ಇದೆ.

ಗೊತ್ತಿರುವ ಡಾಕ್ಟರನ್ನು ಕರೆಸಿ ಶಿಬಿರ ಮತ್ತೆ ಮಾಡಿ. ಇಲ್ಲದಿದ್ದರೆ ಸುಮ್ನೆ ಜನರನ್ನು ಬಿಸಿಲಲ್ಲಿ ನಿಲ್ಲಿಸಬೇಡಿ. ಚೀಟಿಗೆ ಸಹಿ ಹಾಕುವವರು ಸೀಟಿನಲ್ಲಿ ಇರಲಿ. ಹೆಣ್ಣುಮಗಳು ರಕ್ತ ಕೆಮ್ಮುತ್ತಾಳೆ ಎಂದಾಗ ತಲೆ ಎತ್ತಿ ಅವಳ ಮುಖವನ್ನಾದರೂ ನೋಡಿ.

– ನೊಂದ ತಾಯಿ, 4ನೇ ಅಡ್ಡರಸ್ತೆ