ಹ್ಯಾಲೋವೀನ್ ತಿಂಡಿಗೆ ಬಣ್ಣದ ಬಾಟ್ಲಿ ಯಾಕ್ರೀ?

ಸಂಪಾದಕರಿಗೆ ನಮಸ್ಕಾರ,

ಅಕ್ಟೋಬರ್ 31ರ ಹ್ಯಾಲೋವೀನ್ ಅನ್ನೋ ದೆವ್ವದ ವೇಷದ ವಿದೇಶಿ ಹಬ್ಬ ಈಗ ನಮ್ಮ ಕೊಪ್ಪಳದ ಮಕ್ಕಳ ಬಾಯಾಗೂ ಬಂದೈತಿ, ರೀಲ್ಸ್ ನೋಡಿ ದೆವ್ವದ ಕೇಕು, ಜೇಡದ ಬಿಸ್ಕೆಟ್ ಬೇಕಂತ ಹಟ ಹಿಡೀತಾವು, ಹಿಡೀಲಿ ಬಿಡ್ರಿ, ಖುಷಿ ಪಡೋದ್ರಾಗ ತಪ್ಪೇನೈತಿ. ನನ್ನ ತಕರಾರು ಇರೋದು ಆ ಕಡುಗಪ್ಪು, ಕಡುಗೆಂಪು ಕ್ರೀಮಿನ ಬಗ್ಗೆ. 2024ರ ಮಾರ್ಚ್‌ನಾಗ ನಮ್ಮ ರಾಜ್ಯ ಸರ್ಕಾರನೇ ಗೋಬಿ ಮಂಚೂರಿ, ಕಾಟನ್ ಕ್ಯಾಂಡಿಗೆ ಕೃತಕ ಬಣ್ಣ ಹಾಕಬಾರದು ಅಂತ ನಿಷೇಧ ಮಾಡೈತಿ, ಅಂಥಾದ್ರಾಗ ನಾವೇ ಮನ್ಯಾಗ ಬಣ್ಣದ ಬಾಟ್ಲಿ ತಂದು ಸುರಿಯೋದು ಯಾಕ?

ಕಪ್ಪು ಬೇಕಂದ್ರ ಗುರೆಳ್ಳು ಚಟ್ನಿಪುಡಿ ಐತಿ, ರಕ್ತ ಬೇಕಂದ್ರ ಬೀಟ್‌ರೂಟ್ ರಸ ಐತಿ. ಹಂಚಿನಿಂದ ತೆಗೆದ ಮೆತ್ತನ ಜ್ವಾಳದ ರೊಟ್ಟಿನ ಕತ್ರಿಲೆ ಬಾವಲಿ ಆಕಾರಕ್ಕ ಕತ್ತರಿಸಿ, ಮತ್ತ ಸಣ್ಣ ಉರಿ ಮ್ಯಾಲೆ ಕಟಕ್ ಅನ್ನೋಹಂಗ ಒಣಗಿಸ್ರಿ, ರೆಕ್ಕಿ ಮ್ಯಾಲೆ ತುಪ್ಪ ಸವರಿ ಗುರೆಳ್ಳು ಪುಡಿ ಉದುರಿಸಿದ್ರ ಖರೇ ಬಾವಲಿನೇ ತಾಟಿನ್ಯಾಗ ಕುಂತಂಗ ಕಾಣ್ತದ. ಅರ್ಧ ಬಾಳೆಹಣ್ಣಿಗೆ ಒಣದ್ರಾಕ್ಷಿ ಕಣ್ಣು ಇಟ್ರ ದೆವ್ವ ರೆಡಿ. ತೀರಾ ಸಣ್ಣ ಮಕ್ಕಳಿಗೆ ಮಾತ್ರ ಇಡೀ ಶೇಂಗಾ ಕೊಡಬ್ಯಾಡ್ರಿ, ಗಂಟಲಾಗ ಸಿಕ್ಕೋತದ.

ಹ್ಯಾಲೋವೀನ್‌ಗೆ ಐರ್ಲೆಂಡ್ ಮಂದಿ ಮೊದಲು ಟರ್ನಿಪ್ ಗಡ್ಡಿ ಕೊರೆದು ದೀಪ ಇಡ್ತಿದ್ರು, ಅಮೆರಿಕಕ್ಕ ಹೋದಮ್ಯಾಲೆ ಅದು ಕುಂಬಳಕಾಯಿ ಆತು. ಕೊರೆದು ತೆಗೆದ ತಿರುಳು ಚೆಲ್ಲಬ್ಯಾಡ್ರಿ, ಬೆಲ್ಲ ಹಾಕಿ ಕಡುಬು ಮಾಡ್ರಿ.

ಬೇಕರಿ ಕ್ರೀಮನ್ನೂ ಆಹಾರ ಸುರಕ್ಷತಾ ಅಧಿಕಾರಿಗಳು ಅಕ್ಟೋಬರ್‌ದಾಗೇ ಟೆಸ್ಟ್ ಮಾಡ್ಲಿ. ನಿಮ್ಮ ಮಕ್ಕಳ ಪುಟದಾಗೂ ಇಂಥಾ ತಿಂಡಿ ಮಾಡೋದು ಹೆಂಗಂತ ಫೋಟೋ ಸಮೇತ ಹಾಕ್ರಿ.

— ಒಬ್ಬ ತಾಯಿ, ಕೊಪ್ಪಳ