‘ಬರ್ತೀನಿ’ ಅಂದು ಏಳೂದು: ಮಗಳಿಗೊಂದು ಪತ್ರ

ಮಗಳ,

ಬೆಳಗಾವ್ಯಾಗ ಮೆಸ್ಸಿನ ಊಟಕ್ಕ ಕುಂತಾಗೆಲ್ಲಾ ಒಬ್ಬಾಕಿ ಚುಚ್ಚಿ ಮಾತಾಡ್ತಾಳ ಅಂತ ಹೇಳಿದ್ದಿ. ‘ಎದ್ದು ಹೋಗು’ ಅನ್ನೂದು ಸಲೀಸು. ಹೆಂಗ ಏಳಬೇಕು ಅನ್ನೂದನ್ನ ಯಾರೂ ಕಲಸೂದಿಲ್ಲ. ಫೋನಿನ್ಯಾಗ ಹೇಳಿದ್ರ ಮರೀತಿ, ಅದಕ್ಕ ಬರದೀನಿ.

ಮೊದಲ ಹೊತ್ತು ಗುರುತಿಸು. ಮಾತು ವಿಷಯ ಬಿಟ್ಟು ನಿನ್ನ ಮ್ಯಾಲೆ, ನಿನ್ನ ಮನಿ ಮ್ಯಾಲೆ ಬಂತಂದ್ರ, ಇಲ್ಲಾ ನೀ ಉತ್ತರ ಕೊಟ್ಟ ಪ್ರಶ್ನೆನ ಮೂರನೇ ಸಲ ಬಂತಂದ್ರ, ಅದು ಕೇಳೂ ಮಾತಲ್ಲ, ಕೆಣಕೂ ಮಾತು. ಮೈಯೂ ಹೇಳ್ತೈತಿ: ಕಿವಿ ಬಿಸಿ ಆಗ್ತಾವು, ಬಾಯಿ ಒಣಗ್ತೈತಿ. ಅಡ್ರಿನಲಿನ್, ಅಂದ್ರ ಸಿಟ್ಟು ಅಂಜಿಕಿ ಬಂದಾಗ ಮೈಯಾಗ ಹುಟ್ಟೂ ಹಾರ್ಮೋನು, ಏರಿತಂತ ತಿಳ್ಕೋ. ಅಲ್ಲಿಂದ ಮುಂದ ನಾಲಿಗಿ ನಿನ್ನ ಮಾತು ಕೇಳೂದಿಲ್ಲ. ಬಹಳ ಮಂದಿ ತಪ್ಪೂದು ಇಲ್ಲೇ, ‘ಇದೊಂದು ಹೇಳಿ ಹೋಗ್ತೀನಿ’ ಅಂತ ಕುಂದರ್ತಾರ.

ತಾಟು ಎತ್ಕೊಂಡು ಏಳು, ಅರ್ಧ ರೊಟ್ಟಿ ಉಳಿದಿದ್ರೂ. ತಾಟು ಬಿಟ್ಟು ಎದ್ರ ಜಗಳ ಮಾಡಿ ಹೋದಳು ಅಂತಾರ, ಹಿಡ್ಕೊಂಡು ಎದ್ರ ಊಟ ಮುಗೀತು, ಅಷ್ಟ. ಕುರ್ಚಿ ಸಪ್ಪಳ ಬ್ಯಾಡ. ನಮ್ಮ ಕಡೆ ‘ಹೋಗ್ತೀನಿ’ ಅನ್ನೂದಿಲ್ಲ, ‘ಬರ್ತೀನಿ’ ಅಂತೀವಿ. ಅದೊಂದ ಶಬ್ದ ಸಾಕು, ದನಿ ಕೊನಿಗೆ ಕೆಳಗ ಇಳೀಲಿ. ‘ಬರ್ತೀನ್ರೀ...’ ಅಂತ ಎಳದ್ರ ಕುಹಕ ಆಗ್ತೈತಿ, ‘ಹೊಂಟೆ ನೋಡು’ ಅಂದ್ರ ಸವಾಲು.

ಕಾರಣ ಮಾತ್ರ ಹೇಳಬ್ಯಾಡ. ‘ನೀ ಹಿಂಗ ಮಾತಾಡ್ತಿ, ಅದಕ್ಕ ಹೊಂಟೀನಿ’ ಅಂದ್ರ ‘ನಾ ಹೆಂಗ ಮಾತಾಡಿದೆ?’ ಅಂತಾಳ, ನೀ ಅಲ್ಲೇ ನಿಂತಿ. ‘ಕೆಲಸ ಐತಿ’ ಅನ್ನೂ ಸುಳ್ಳಿಗೂ ‘ಏನು ಕೆಲಸ?’ ಅಂತ ಬಾಲ ಬರ್ತೈತಿ. ಬೆನ್ನ ಹಿಂದ ‘ಅಂಜಿ ಓಡಿದಳು’ ಅಂತ ಕೇಳೇ ಕೇಳ್ತೈತಿ. ಹೊಳ್ಳಿ ನೋಡಿದ್ರ ಮತ್ತ ಒಂದು ತಾಸು ಹೋತು.

ನೇರ ಕೋಣಿಗೆ ಹೋಗಬ್ಯಾಡ, ಅಲ್ಲಿ ಕುಂತ್ರ ಅದ ಮಾತು ತಲ್ಯಾಗ ಗಾಣ ತಿರಗ್ತೈತಿ. ಬೆಳಕಿದ್ರ ಕೋಟಿ ಕೆರಿ ದಂಡಿಗುಂಟ, ರಾತ್ರಿ ಇದ್ರ ಹಾಸ್ಟೆಲ್ ಮಾಳಿಗಿ ಮ್ಯಾಲೆ, ಕಮ್ಮಿ ಅಂದ್ರೂ 20 ನಿಮಿಷ ಅಡ್ಡಾಡು. ಉಸಿರು 4 ಎಣಿಸಿ ಒಳಗ, 6 ಎಣಿಸಿ ಹೊರಗ. ಹೊರಗ ಬಿಡೂದು ಉದ್ದ ಇದ್ರ ಎದಿ ಬಡಿತ ಇಳೀತೈತಿ. ಈ ಹೊತ್ತಿನ್ಯಾಗ ವಾಟ್ಸಾಪ್ ತೆಗೀಬ್ಯಾಡ. ಆಕಿಗೆ ಉದ್ದನ ಮೆಸೇಜು ಬರಿಯೂದಂದ್ರ ಬಾಗಿಲಿಂದ ಹೊರಗ ಬಂದು ಕಿಡಕ್ಯಾಗ ಮತ್ತ ಒಳಗ ಹೋದಂಗ. ಮೆಸ್ಸಿನ ಗ್ರೂಪ್ ಬಿಡೂದೂ ಬ್ಯಾಡ, ಬಿಲ್ಲಿನ ಸುದ್ದಿ ಅಲ್ಲೇ ಬರ್ತೈತಿ. ಮ್ಯೂಟ್ ಮಾಡು.

ಮರುದಿನ ಎದುರಾದ್ರ ‘ಊಟ ಆತ?’ ಅಂತ ಕೇಳು, ನಿಲ್ಲಬ್ಯಾಡ. ಮಾತು ಬಿಡೂದೂ ಒಂದು ಜಗಳನ. ಊಟದ ಹೊತ್ತು ಅರ್ಧ ತಾಸು ಹಿಂದಮುಂದ ಮಾಡ್ಕೋ.

ಇದೆಲ್ಲಾ ಬರೇ ಬಾಯಿ ಜೋರಿದ್ದವರಿಗೆ. ಯಾರರ ಕೈ ಹಿಡಿದು ಎಳದ್ರ, ದಾರಿ ಕಟ್ಟಿದ್ರ, ಬೆನ್ನ ಹತ್ತಿ ಬಂದ್ರ ಸಮಾಧಾನ ಗಿಮಾಧಾನ ಇಲ್ಲ. ಜೋರಾಗಿ ಒದರು, ಮಂದಿ ಇದ್ದಕಡೆ ಹೋಗು, 112ಕ್ಕ ಫೋನ್ ಹಚ್ಚು.

ಬಾಗಲಕೋಟಿ ಬಸ್ಸಿಗೆ ಶೇಂಗಾ ಚಟ್ನಿ ಡಬ್ಬಿ ಕಳಸೀನಿ. ಆಕಿಗೆ ಕರದು ಕೊಡಬೇಕಂತ ಇಲ್ಲ. ಕೇಳಿದ್ರ ಮಾತ್ರ ಇಲ್ಲ ಅನಬ್ಯಾಡ.

ನಿಮ್ಮವ್ವ