ಟ್ವೀಟರ್ ಯಾವುದರಿಂದ ಮಾಡಿದ್ದು ಅಂತ ಕೇಳಿದರೆ ಸಾಲದು

ಮಾನ್ಯ ಸಂಪಾದಕರೇ,

ಮನೆಯ ಸ್ಪೀಕರ್‌ಗಳಲ್ಲಿ ಮೇಲಿನ ತೀಕ್ಷ್ಣ ದನಿ ಹೊರಡಿಸುವ ಟ್ವೀಟರ್ ಅನ್ನುವ ಭಾಗದ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿ ಖುಷಿಯಾಯಿತು. ಕನ್ನಡದಲ್ಲಿ ಇಂಥ ವಿಷಯ ಬರುವುದೇ ಅಪರೂಪ. ಆದರೆ ರೇಷ್ಮೆ ಡೋಮ್ (ಟ್ವೀಟರ್‌ನಲ್ಲಿ ಕಂಪಿಸಿ ದನಿ ಹೊರಡಿಸುವ ಗುಮ್ಮಟದಾಕಾರದ ತೆಳು ಪೊರೆ) ಅಂದರೆ ಮೃದು, ಲೋಹದ ಡೋಮ್ ಅಂದರೆ ಕಿವಿಗೆ ಚುಚ್ಚುತ್ತದೆ, ರಿಬ್ಬನ್ ಎಲ್ಲಕ್ಕಿಂತ ಮೇಲು ಅಂತ ಅದರಲ್ಲಿ ಬರೆದಿದ್ದನ್ನು ಒಪ್ಪಲು ಆಗಲಿಲ್ಲ. ನಾನೂ ಬಹಳ ವರ್ಷ ಹೀಗೇ ನಂಬಿದ್ದೆ. ಆ ನಂಬಿಕೆಯಿಂದಲೇ ಒಳ್ಳೆಯ ಒಂದು ಜೊತೆ ಸ್ಪೀಕರ್ ಕಳೆದುಕೊಂಡೆ. ಅದಕ್ಕೇ ಈ ಪತ್ರ.

ನನ್ನ ಹತ್ತಿರ ಅಲ್ಯೂಮಿನಿಯಂ ಡೋಮ್ ಇದ್ದ ಸ್ಪೀಕರ್ ಇದ್ದವು. ಹಾಡುವವರ ಸಕಾರ, ಶಕಾರ ಬಂದಾಗಲೆಲ್ಲ ಸುಯ್ ಅಂತ ಕಿವಿಗೆ ಇರಿಯುತ್ತಿತ್ತು. ಲೋಹದ್ದೇ ತಪ್ಪು ಅಂತ ತೀರ್ಮಾನ ಮಾಡಿ ಅವನ್ನು ಮಾರಿ, ರೇಷ್ಮೆ ಡೋಮ್ ಇದ್ದವನ್ನು ತಂದೆ. ಮೊದಲ ಒಂದು ವಾರ ಹೊಸದರ ಸಂಭ್ರಮ. ಆಮೇಲೆ ನೋಡಿದರೆ ಅದೇ ಇರಿತ, ಅದೇ ಜಾಗದಲ್ಲಿ, ಅದೇ ಹಾಡಿನಲ್ಲಿ! ಒಂದು ದಿನ ಬೇರೆ ಯಾವುದೋ ಕಾರಣಕ್ಕೆ ಪಕ್ಕದ ಗಾಜಿನ ಕಿಟಕಿಗೆ ದಪ್ಪ ಪರದೆ ಎಳೆದೆ, ಸ್ಪೀಕರ್‌ಗಳ ಮುಖವನ್ನೂ ನೇರ ಕಿವಿಗೆ ಬೀಳದಂತೆ ಸ್ವಲ್ಪ ತಿರುಗಿಸಿದೆ. ಅರ್ಧಕ್ಕರ್ಧ ತೊಂದರೆ ಅಲ್ಲೇ ಹೋಯಿತು.

ಲೆಕ್ಕ ಹಾಕಿದ್ದರೆ ಇದು ಮೊದಲೇ ಹೊಳೆಯಬೇಕಿತ್ತು. ಸಕಾರದ ಜೋರು ಹೆಚ್ಚಾಗಿ 5 ರಿಂದ 8 ಸಾವಿರ ಹರ್ಟ್ಜ್ (ಸೆಕೆಂಡಿಗೆ ಅಷ್ಟು ಕಂಪನ) ಸುತ್ತಮುತ್ತ ಇರುತ್ತದೆ. 25 ಮಿಲಿಮೀಟರ್ ಅಗಲದ ಒಳ್ಳೆಯ ಅಲ್ಯೂಮಿನಿಯಂ ಡೋಮ್ ತನ್ನದೇ ನಾದ ಹೊರಡಿಸುವುದು ಸಾಮಾನ್ಯವಾಗಿ 20 ಸಾವಿರ ಹರ್ಟ್ಜ್ ದಾಟಿದ ಮೇಲೆ. ಅಷ್ಟು ಮೇಲಿನ ದನಿ ನಮ್ಮ ಕಿವಿಗೆ ಕೇಳಿಸುವುದೇ ಇಲ್ಲ, ವಯಸ್ಸಾದಂತೆ ಆ ಮಿತಿ ಇನ್ನೂ ಕೆಳಕ್ಕೆ ಇಳಿಯುತ್ತದೆ. ಹಾಗಾದರೆ ನನ್ನನ್ನು ಚುಚ್ಚಿದ್ದು ಲೋಹದ ನಾದ ಅಲ್ಲ, ಅಲ್ವಾ? ಬಟ್ಟೆಯ ಡೋಮ್ ಇದಕ್ಕಿಂತ ಬೇಗ ಅಂಕೆ ತಪ್ಪುತ್ತದೆ, ಆದರೆ ಅದಕ್ಕೆ ಹಚ್ಚಿದ ಅಂಟು ಲೇಪ ಕಂಪನವನ್ನು ಹೀರಿಕೊಳ್ಳುವುದರಿಂದ ಅದು ಗಲಾಟೆ ಮಾಡುವುದಿಲ್ಲ, ಅಷ್ಟೇ ವ್ಯತ್ಯಾಸ.

ಟೈಟಾನಿಯಂ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಟೈಟಾನಿಯಂ ಅಲ್ಯೂಮಿನಿಯಂಗಿಂತ ಗಡುಸು, ಸರಿ, ಆದರೆ ಅಷ್ಟೇ ಭಾರ ಕೂಡ. ಒಂದು ಘನ ಸೆಂಟಿಮೀಟರ್ ಅಲ್ಯೂಮಿನಿಯಂ 2.7 ಗ್ರಾಂ ತೂಗಿದರೆ ಟೈಟಾನಿಯಂ 4.5 ಗ್ರಾಂ. ತೂಕಕ್ಕೂ ಗಡುಸಿಗೂ ಹೋಲಿಸಿ ನೋಡಿದರೆ ಎರಡೂ ಹೆಚ್ಚುಕಮ್ಮಿ ಒಂದೇ. ಬೆರಿಲಿಯಂ ಮಾತ್ರ ನಿಜಕ್ಕೂ ಬೇರೆ. ಸುಮಾರು 1.85 ಗ್ರಾಂ ತೂಕ, ಗಡುಸು ಎಷ್ಟೋ ಪಟ್ಟು ಜಾಸ್ತಿ. ಆದರೆ ಅದರ ಧೂಳು ಶ್ವಾಸಕೋಶಕ್ಕೆ ವಿಷ. ಆದ್ದರಿಂದ ಬೆರಿಲಿಯಂ ಡೋಮ್ ಒಡೆದರೆ ದಯವಿಟ್ಟು ಬರಿಗೈಯಲ್ಲಿ ಚೂರು ಆರಿಸಬೇಡಿ.

ಈಗ ರಿಬ್ಬನ್ ವಿಷಯ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕೆಂದರೆ ಜನ ಮೋಸ ಹೋಗುವುದು ಇಲ್ಲೇ. ಅಯಸ್ಕಾಂತಗಳ ನಡುವೆ ತೂಗುಬಿಟ್ಟ ತೆಳ್ಳನೆಯ ಲೋಹದ ಪಟ್ಟಿ ಅದು. ಡೋಮ್‌ಗೆ ಇರುವಂಥ ತಂತಿ ಸುತ್ತಿದ ಕಾಯಿಲ್ ಇಲ್ಲ, ಪಟ್ಟಿಯೊಳಗೇ ಕರೆಂಟ್ ಹರಿಯುತ್ತದೆ. ತುಂಬಾ ಹಗುರ. ಗೆಜ್ಜೆಯ ಸದ್ದು, ತಾಳದ ಸದ್ದು ಅದರಲ್ಲಿ ಕೇಳಿದರೆ ಮನಸ್ಸು ಸೋಲುತ್ತದೆ, ನಾನೂ ಸೋತಿದ್ದೇನೆ. ಆದರೆ ಚಿಕ್ಕ ರಿಬ್ಬನ್‌ಗಳನ್ನು ಸಾಮಾನ್ಯವಾಗಿ 3 ಸಾವಿರ ಹರ್ಟ್ಜ್‌ಗಿಂತ ಕೆಳಗೆ ದುಡಿಸಲು ಆಗುವುದಿಲ್ಲ. ಕೆಳಗಿನ ದನಿ ಹೊರಡಿಸುವ ಆರೂವರೆ ಇಂಚಿನ ವೂಫರ್ ನೋಡಿದರೆ ಸುಮಾರು 2 ಸಾವಿರ ಹರ್ಟ್ಜ್ ದಾಟುತ್ತಿದ್ದಂತೆ ದನಿಯನ್ನು ಟಾರ್ಚ್ ಬೆಳಕಿನ ಹಾಗೆ ನೇರ ಮುಂದಕ್ಕಷ್ಟೇ ಬಿಡಲು ಶುರು ಮಾಡುತ್ತದೆ. ಇವೆರಡನ್ನು ಒಂದೇ ಪೆಟ್ಟಿಗೆಯಲ್ಲಿ ಕೂರಿಸಿದರೆ ನಡುವೆ ಒಂದು ಬಿರುಕು. ಎದುರಿಗೆ ಕೂತವರಿಗೆ ಗೊತ್ತಾಗುವುದಿಲ್ಲ, ಪಕ್ಕಕ್ಕೆ ಕೂತವರಿಗೆ ಮಾತ್ರ ಹಾಡುವವರ ದನಿ ಟೊಳ್ಳಾಗಿ ಕೇಳುತ್ತದೆ. ಜೊತೆಗೆ ಪಟ್ಟಿ ಉದ್ದವಾಗಿರುವುದರಿಂದ ಮೇಲೆ ಕೆಳಗೆ ದನಿ ಹರಡುವುದಿಲ್ಲ. 10 ಸಾವಿರ ಹರ್ಟ್ಜ್ ದನಿಯ ಅಲೆಯ ಉದ್ದವೇ ಸುಮಾರು 3.4 ಸೆಂಟಿಮೀಟರ್, ಪಟ್ಟಿ ಅದಕ್ಕಿಂತ ಉದ್ದ. ಕೂತಲ್ಲಿಂದ ಎದ್ದು ನಿಂತರೆ ಸಾಕು, ಹಾಡಿನ ಹೊಳಪೇ ಹೋಗಿಬಿಡುತ್ತದೆ. ಅದು ರಿಬ್ಬನ್‌ನ ತಪ್ಪಲ್ಲ. ಅದಕ್ಕೆ ತಕ್ಕ ಜೋಡಿ ಕೊಡಬೇಕು, ನಡುವಿನ ದನಿಗೆ ಅಂತಲೇ ಒಂದು ಮಿಡ್‌ರೇಂಜ್ ಘಟಕ ಇಡಬೇಕು.

ಎಂಜಿನಿಯರ್ ಆಸ್ಕರ್ ಹೈಲ್ ಅವರ ಏರ್ ಮೋಷನ್ ಟ್ರಾನ್ಸ್‌ಫಾರ್ಮರ್ ಅನ್ನುವ ಇನ್ನೊಂದು ಬಗೆಯ ಟ್ವೀಟರ್ 1970ರ ದಶಕದಲ್ಲಿ ಸ್ಪೀಕರ್‌ಗಳಿಗೆ ಬಂತು. ಸೀರೆಯ ನೆರಿಗೆಯ ಹಾಗೆ ಮಡಿಸಿದ ತೆಳು ಹಾಳೆ, ನೆರಿಗೆಗಳು ಒತ್ತಿಕೊಂಡಾಗ ನಡುವಿನ ಗಾಳಿ ಚಿಮ್ಮುತ್ತದೆ. ಇದರಲ್ಲಿ ಎಷ್ಟೋ ಮಾದರಿಗಳು ಚಿಕ್ಕ ರಿಬ್ಬನ್‌ಗಿಂತ ಗಟ್ಟಿಗ, ನನಗೆ ಇಷ್ಟ. ಟ್ವೀಟರ್ ಮುಂದೆ ಕಹಳೆಯ ಬಾಯಿಯಂತೆ ಅಗಲವಾಗುವ ಹಾರ್ನ್ ಇದ್ದರೆ ಕಡಿಮೆ ಪವರ್‌ನಲ್ಲೂ ಜೋರು ಸದ್ದು ಬರುತ್ತದೆ. ಹಾರ್ನ್ ಆಕಾರ ಸರಿ ಇಲ್ಲದಿದ್ದರೆ ಮಾತ್ರ ಕೊಳವೆಯೊಳಗಿಂದ ಕೂಗಿದ ಹಾಗೆ.

1950ರ ದಶಕದ ಕೊನೆಯಲ್ಲಿ ಅಮೆರಿಕದ ಸ್ಪೀಕರ್ ತಯಾರಕ ಎಡ್ಗರ್ ವಿಲ್ಚರ್ ತಮ್ಮ ಎಆರ್-3 ಸ್ಪೀಕರ್‌ನಲ್ಲಿ ಡೋಮ್ ತಂದಿದ್ದು ಯಾಕೆ ಗೊತ್ತಾ? ದನಿ ಕೋಣೆಯಲ್ಲಿ ಅಗಲವಾಗಿ ಹರಡಲಿ ಅಂತ. ಹರಡುವಿಕೆಯೇ ಅವರ ಚಿಂತೆಯಾಗಿತ್ತು. ನಾವು ಇವತ್ತು ಅದನ್ನು ಬಿಟ್ಟು ರೇಷ್ಮೆಯೋ ಲೋಹವೋ ಅಂತ ಜಗಳ ಆಡುತ್ತಿದ್ದೇವೆ.

ಆದ್ದರಿಂದ ಮುಂದಿನ ಸಲ ಇಂಥ ಹೋಲಿಕೆ ಪ್ರಕಟಿಸುವಾಗ ಟ್ವೀಟರ್‌ನ ಹೆಸರಿನ ಜೊತೆ ಇನ್ನೂ ಮೂರು ವಿಷಯ ಹಾಕಿಸಿ. ಕ್ರಾಸ್‌ಓವರ್ (ವೂಫರ್ ಕೆಲಸ ಮುಗಿದು ಟ್ವೀಟರ್ ಕೆಲಸ ಶುರುವಾಗುವ ಗಡಿ) ಎಷ್ಟು ಹರ್ಟ್ಜ್‌ಗೆ ಇದೆ, ಟ್ವೀಟರ್‌ನ ಸ್ವಂತ ಅನುರಣನ (ಇಡೀ ಡೋಮ್ ತಾನಾಗಿ ಹಿಂದೆಮುಂದೆ ತೂಗುವ ಕೆಳಗಿನ ಮಟ್ಟ) ಎಷ್ಟರಲ್ಲಿದೆ, ಪಕ್ಕಕ್ಕೆ 30 ಡಿಗ್ರಿ ಸರಿದರೆ ದನಿ ಎಷ್ಟು ಇಳಿಯುತ್ತದೆ. ಅನುರಣನ 800 ಹರ್ಟ್ಜ್ ಇದ್ದರೆ ಕ್ರಾಸ್‌ಓವರ್ ಕನಿಷ್ಠ 1,600 ಆದರೂ ಇರಲಿ ಅನ್ನುವುದು ಸ್ಪೀಕರ್ ಕಟ್ಟುವವರ ಹಳೆಯ ಲೆಕ್ಕ. ಅದಕ್ಕಿಂತ ಕೆಳಗೆ ತಂದರೆ ಜೋರಾಗಿ ಹಾಕಿದಾಗ ಯಾವ ಡೋಮ್ ಆದರೂ ಒದ್ದಾಡುತ್ತದೆ. ಇದನ್ನು ಹಾಕಲು ಪುಟದಲ್ಲಿ ನಾಲ್ಕು ಸಾಲು ಜಾಗ ಸಾಕು.

ಇಂತಿ,
ನಿಮ್ಮ ಓದುಗ